ಮುಚ್ಚಿಹೋದ ಸಂಸ್ಥೆಯೂ ಉಳಿದಿರುವ ಸೇವಾಸಾಕ್ಷ್ಯವೂ

ಆಂಧ್ರಪ್ರದೇಶದ ಗಡಿಯಲ್ಲಿರುವ ಪರಿಗಿಯಿಂದಲೂ ಅದರ ಸುತ್ತಣ ಗ್ರಾಮಗಳಿಂದಲೂ ಹೊರಟು, ಹಿಂದೂಪುರದಲ್ಲಿ ರೈಲನ್ನೇರಿ, ಗೌರಿಬಿದನೂರು, ದೊಡ್ಡಬಳ್ಳಾಪುರ, ಬೆಂಗಳೂರುಗಳಿಗೆ ಉದ್ಯೋಗಾರ್ಥವಾಗಿ ಹೋದವರಲ್ಲಿ, ತಾವು ದುಡಿದ ಕಾರ್ಖಾನೆ ಬಾಗಿಲು ಹಾಕಿಕೊಂಡ ಬಳಿಕ ಹೊಸ ಯಜಮಾನನು ‘ಹಿಂದಿನ ಕಡೆಯ ಸರ್ವಿಸ್ ಸರ್ಟಿಫಿಕೇಟ್ ತನ್ನಿ’ ಎಂದೊಡನೆ ನಿರುತ್ತರರಾಗಿ ಹಿಂದಿರುಗುವವರುಂಟು. ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಕೆಲಸ ನಿಲ್ಲಿಸಿತು, ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಸಮ್ಮತಿಸಿತು. ಅಂಥ ಮಹಾಸಂಸ್ಥೆಗಳಿಗೇ ಈ ಗತಿ ಒದಗಿರಲಾಗಿ, ಸಣ್ಣ ಗಾರ್ಮೆಂಟ್ಸ್‌ಗಳ ಸ್ಥಿತಿಯನ್ನು ಹೇಳಬೇಕಾದುದೇ ಇಲ್ಲ.

ಆದರೆ ಸಂಸ್ಥೆ ಅಳಿದ ಮಾತ್ರಕ್ಕೆ ಸೇವೆ ನಡೆದಿತ್ತೆಂಬ ಸಂಗತಿ ಅಳಿಯದು. ಇಪ್ಪತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಗಳಿಗೆ ಸಾಮಾನ್ಯವಾಗಿ ಅನ್ವಯಿಸುತ್ತ ಬಂದ 1952ರ ಭವಿಷ್ಯನಿಧಿ ಕಾಯಿದೆಯಂತೆ ತಿಂಗಳು ತಿಂಗಳೂ ಪಿ.ಎಫ್. ವಂತಿಗೆ ಸಂದಾಯವಾಗಿದ್ದರೆ, ಯಜಮಾನನು ಬರೆದುಕೊಡಬೇಕಾದುದರ ಮುಖ್ಯಾಂಶವನ್ನು ಸರ್ಕಾರದ ಲೆಕ್ಕಪುಸ್ತಕವೇ ನುಡಿಯುತ್ತದೆ. 2014ರಿಂದ ಜಾರಿಗೆ ಬಂದ, ಸದಸ್ಯನಿಗೆ ಕೊಡುವ ಯು.ಎ.ಎನ್. ಸಂಖ್ಯೆಯಿಂದ ಪಿ.ಎಫ್. ಸದಸ್ಯರ ಪೋರ್ಟಲನ್ನು ತೆರೆದರೆ, ಸಂಸ್ಥೆಯ ಹೆಸರೂ ಸೇರಿದ ದಿನಾಂಕವೂ ಬಿಟ್ಟ ದಿನಾಂಕವೂ ಸೇವಾವಿವರದಲ್ಲಿ ಕಾಣುವುವು. ಪಾಸ್‌ಬುಕ್ಕಿನ ಪ್ರತಿಯನ್ನೂ ಅದೇ ಸಂಖ್ಯೆಯಿಂದ ಪಡೆಯಬಹುದು. ಮುಚ್ಚುವ ಗಡಿಬಿಡಿಯಲ್ಲಿ ಯಜಮಾನನು ಬಿಟ್ಟ ದಿನಾಂಕವನ್ನು ನಮೂದಿಸದೆ ಹೋಗಿದ್ದರೆ, ಕೊನೆಯ ವಂತಿಗೆ ಸಂದು ಎರಡು ತಿಂಗಳು ಕಳೆದ ಮೇಲೆ, ಆಧಾರಕ್ಕೆ ಜೋಡಿಸಿದ ಮೊಬೈಲಿನ ನೆರವಿನಿಂದ ಸದಸ್ಯನೇ ಅದನ್ನು ತುಂಬಲು ಅವಕಾಶವಿದೆ. ಯು.ಎ.ಎನ್. ಬರುವುದಕ್ಕೂ ಹಿಂದಿನ ಕಾಲದವರು ಹಳೆಯ ಪಿ.ಎಫ್. ಸಂಖ್ಯೆಯನ್ನು ಬರೆದು, ಸಂಸ್ಥೆಯ ಲೆಕ್ಕವನ್ನು ಇಟ್ಟುಕೊಂಡಿದ್ದ ಪಿ.ಎಫ್. ಕಚೇರಿಯನ್ನು ಕೇಳತಕ್ಕದ್ದು. ಇ.ಎಸ್.ಐ. ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ತೆರಿಗೆ ಹಿಡಿದವನ ಹೆಸರನ್ನು ತೋರುವ 26ಎಎಸ್ ಪಟ್ಟಿ, ಇವೂ ಸಾಕ್ಷಿಗಳೇ.

ಕಚೇರಿ ಮೌನವಾಗಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಹತ್ತು ರೂಪಾಯಿಯ ಶುಲ್ಕದೊಡನೆ ತನ್ನದೇ ದಾಖಲೆಯನ್ನು ಬೇಡಬಹುದು; ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಗಡಿನಾಡಿನ ಕನ್ನಡಿಗರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ಆ ಅರ್ಜಿಯ ಭಾಷೆ ಇಂಗ್ಲಿಷ್, ಹಿಂದಿ, ಇಲ್ಲವೆ ಅರ್ಜಿ ಕೊಡುವ ಪ್ರದೇಶದ ಆಡಳಿತಭಾಷೆ ಎಂದು ಕಾಯಿದೆ ಹೇಳುವುದರಿಂದ, ಬೆಂಗಳೂರಿನಲ್ಲಿ ಕನ್ನಡವೂ ಹಿಂದೂಪುರದಲ್ಲಿ ತೆಲುಗೂ ಸಲ್ಲುತ್ತವೆ. ಆದರೆ ಕುಂದುಕೊರತೆಯ ಮನವಿಗೆ ಆ ಮಿತಿಯಿಲ್ಲ. ದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೇಂದ್ರದ ಅಧಿಕಾರಿಗೆ ಅದನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಪಿ.ಎಫ್. ಸಂಸ್ಥೆ ಕೇಂದ್ರದ್ದಾದುದರಿಂದ, ಪರಿಗಿಯ ಕಾರ್ಮಿಕನು ತನ್ನ ದೂರನ್ನು ಕನ್ನಡದಲ್ಲಿಯೇ ಬರೆಯಲು ಸಂಕೋಚಪಡಬೇಕಾಗಿಲ್ಲ.

ಹಿಂದಿನ ಯಜಮಾನನು ಕಂಪನಿಯಾಗಿದ್ದರೆ, ಅದರ ಸದ್ಯದ ಸ್ಥಿತಿಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಂಪನಿ ಕಾಯಿದೆಯಂತೆ ವಿಸರ್ಜನೆಗಾಗಿ ಲಿಕ್ವಿಡೇಟರ ವಶಕ್ಕೆ ಹೋದುದಾದರೆ ಹಾಜರಿ, ಸಂಬಳದ ಪುಸ್ತಕಗಳು ಅವರಲ್ಲಿರುವ ಸಂಭವವುಂಟು. ಸೇವಾವಧಿಯ ದೃಢೀಕರಣವನ್ನು ಅವರಲ್ಲಿ ಲಿಖಿತವಾಗಿ ಕೋರತಕ್ಕದ್ದು. ತಡಮಾಡಲಾಗದು, ಏಕೆಂದರೆ 2013ರ ಕಂಪನಿ ಕಾಯಿದೆಯ 347ನೆಯ ಕಲಮಿನಂತೆ ವಿಸರ್ಜನೆಯ ಐದು ವರ್ಷಗಳ ತರುವಾಯ ಆ ಪುಸ್ತಕಗಳ ಹೊಣೆ ಅವರ ಮೇಲಿರದು.

ದಾಖಲೆ ಅವಧಿಯನ್ನು ರುಜುವಾತುಪಡಿಸೀತು; ಕೈಯ ಕೌಶಲವನ್ನಾಗಲಿ ನಡತೆಯನ್ನಾಗಲಿ ಹೇಳದು. ಅದಕ್ಕೆ ಹಿಂದಿನ ಸೂಪರ್‌ವೈಸರನ್ನೋ ಮ್ಯಾನೇಜರನ್ನೋ ಆಶ್ರಯಿಸಬೇಕು. ಅವರು ತಮ್ಮ ಸ್ವಂತ ಹೆಸರಿನಲ್ಲಿ, ಆಗಿನ ಹುದ್ದೆಯನ್ನು ತಿಳಿಸಿ, ಸಾದಾ ಹಾಳೆಯಲ್ಲಿ ಬರೆದುಕೊಡುವುದು ನ್ಯಾಯಸಮ್ಮತ. ಹಳೆಯ ಲೆಟರ್‌ಹೆಡ್ಡನ್ನೂ ಮೊಹರನ್ನೂ ಹುಡುಕಿ ತಂದು, ಸತ್ತ ಸಂಸ್ಥೆಯ ಹೆಸರಿನಲ್ಲಿ ಪತ್ರ ಸೃಷ್ಟಿಸುವುದು ಖೋಟಾ ದಸ್ತಾವೇಜು. ವಂಚನೆಗಾಗಿ ಮಾಡಿದ ಖೋಟಾಕ್ಕೆ ಭಾರತೀಯ ನ್ಯಾಯ ಸಂಹಿತೆಯ 336ನೆಯ ಕಲಮು ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ನಿಜವಾಗಿ ದುಡಿದ ಬಡವನು ಮಧ್ಯವರ್ತಿಯ ಮಾತಿಗೆ ಮರುಳಾಗಿ ಈ ಬಲೆಗೆ ಬೀಳುವುದು ಅತ್ಯಂತ ದುಃಖಕರ.

ಇವೆಲ್ಲವನ್ನೂ ಹೊಸ ಯಜಮಾನನಿಗೆ ಒಪ್ಪಿಸುವಾಗ, ಸಂಸ್ಥೆ ಮುಚ್ಚಿದ ಸಂಗತಿಯನ್ನು ಮೇಲ್ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಬೇಕು. 2022ರ ಏಪ್ರಿಲ್‌ನಲ್ಲಿ ಪರಿಗಿ, ಹಿಂದೂಪುರಗಳನ್ನೊಳಗೊಂಡ ಶ್ರೀ ಸತ್ಯಸಾಯಿ ಜಿಲ್ಲೆ ರಚಿತವಾದುದರಿಂದ ಹಳೆಯ ಕಾಗದಗಳಲ್ಲಿ ಅನಂತಪುರ ಜಿಲ್ಲೆಯ ವಿಳಾಸವಿರುವುದು ಸಹಜ. ಪರಿಶೀಲಿಸುವವರು ಬೇರೆ ವ್ಯಕ್ತಿಯೆಂದು ಶಂಕಿಸದಂತೆ ಆ ಬದಲಾವಣೆಯನ್ನೂ ಅಲ್ಲಿಯೇ ಒಂದು ಸಾಲಿನಲ್ಲಿ ಬರೆಯತಕ್ಕದ್ದು.