ಹಳೆಯ ಸಾಣೆಯಂತ್ರವನ್ನು ಕೊಳ್ಳುವ ಮೊದಲು

ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕುಹಿಡಿದ ಸಾಣೆಯಂತ್ರವೊಂದು ಬಿದ್ದಿದೆಯೆಂದು ಭಾವಿಸೋಣ. ಅದಕ್ಕೆ ಮೋಟಾರಿಲ್ಲ. ಎರಕದ ಕಬ್ಬಿಣದ ಒಡಲು, ಅದರ ಮೇಲೊಂದು ಉಕ್ಕಿನ ದಂಡ, ದಂಡದ ನಡುವೆ 50 ಮಿಲಿಮೀಟರು ವ್ಯಾಸದ ರಾಟೆ, ತುದಿಯಲ್ಲಿ 250 ಮಿಲಿಮೀಟರು ವ್ಯಾಸದ ಸಾಣೆಕಲ್ಲು. ಪಕ್ಕದಲ್ಲಿಯೇ, ಉಪ್ಪುಕಾಗದದ ಪಟ್ಟಿಯಿಂದ ಮರವನ್ನು ನಯಗೊಳಿಸುವ ಇನ್ನೊಂದು ಯಂತ್ರ. ಎರಡೂ ತೂಕದ ಬೆಲೆಗೆ ದೊರೆಯುತ್ತವೆ. ಇವನ್ನು ತಂದು ದುರಸ್ತುಮಾಡಿ ಬಳಸಬಹುದೆ, ಅಥವಾ ಕರಗಿಸುವ ಕುಲುಮೆಗೆ ಬಿಡುವುದೇ ಲೇಸೆ?

ನಮ್ಮ ಮುಂದಿರುವುದು ಎರಡು ಬೇರೆ ಬೇರೆ ವಸ್ತುಗಳೆಂಬುದನ್ನು ಮೊದಲು ಗಮನಿಸಬೇಕು: ಯಂತ್ರ ಮತ್ತು ಕಲ್ಲು. ಎರಕದ ಒಡಲು ಬಿರುಕುಬಿಡದಿದ್ದರೆ ಹಲವು ದಶಕಗಳಾದರೂ ಕೆಡುವಂಥದಲ್ಲ. ದಂಡವನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದಾದರೆ ಬೇರಿಂಗು ಸವೆದಿದೆಯೆಂದು ತಿಳಿಯಬೇಕು, ಹೊಸದನ್ನು ಹಾಕಬಹುದು. ಕಲ್ಲಿನ ವಿಚಾರ ಹಾಗಲ್ಲ.

ಅಲ್ಯುಮಿನಿಯಂ ಆಕ್ಸೈಡಿನ ಕಣಗಳನ್ನಾಗಲಿ, 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಪಡೆದ ಸಿಲಿಕಾನ್ ಕಾರ್ಬೈಡಿನ ಕಣಗಳನ್ನಾಗಲಿ ಜೇಡಿಮಣ್ಣು ಮೊದಲಾದುವುಗಳೊಡನೆ ಕಲಸಿ, ಅಚ್ಚಿಗೊತ್ತಿ, ಸುಟ್ಟು ಈ ಬಗೆಯ ಕಲ್ಲನ್ನು ಮಾಡುತ್ತಾರೆ. ಎಂದ ಮೇಲೆ ಇದು ಕುಂಬಾರನ ಮಡಕೆಗೆ ದಾಯಾದಿಯೇ ಸರಿ. ಒತ್ತಿದರೆ ಬಹಳ ತಾಳುತ್ತದೆ. ಎಳೆದರೆ ಬೇಗ ಬಿರಿಯುತ್ತದೆ. ತಿರುಗುವ ಕಲ್ಲಿನೊಳಗೆ ನಡೆಯುವುದು ಈ ಎಳೆತವೇ.

ನಮ್ಮ ಕಲ್ಲಿನ ಮೇಲಣ ಕಾಗದದಲ್ಲಿ ನಿಮಿಷಕ್ಕೆ 2500 ಸುತ್ತುಗಳೆಂಬ ಮಿತಿ ಅಚ್ಚಾಗಿದೆಯೆನ್ನೋಣ. ಆ ವೇಗದಲ್ಲಿ ಅಂಚು ಸೆಕೆಂಡಿಗೆ ಸುಮಾರು 33 ಮೀಟರು ಓಡುತ್ತದೆ. ಅಂಚಿನಲ್ಲಿರುವ ಒಂದು ಗ್ರಾಂ ವಸ್ತುವನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದ ಕೇಂದ್ರಾಭಿಮುಖ ಬಲವನ್ನು ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಲಿ: ಅದು ಸುಮಾರು 870 ಗ್ರಾಂ ತೂಕಕ್ಕೆ ಸಮ! ಈ ಬಲವನ್ನೆಲ್ಲ ಒದಗಿಸುವುದು ಸುಟ್ಟ ಮಣ್ಣಿನ ಬೆಸುಗೆ.

ಈಗ ಮೋಟಾರನ್ನು ಜೋಡಿಸೋಣ. ನಿಮಿಷಕ್ಕೆ 1440 ಸುತ್ತುವ ಮೋಟಾರು ಕೈಗೆ ಸಿಕ್ಕಿದೆ. ಅದರೊಡನೆ ಬಂದ ರಾಟೆ 150 ಮಿಲಿಮೀಟರಿನದು. ದಂಡದ ರಾಟೆ 50 ಮಿಲಿಮೀಟರಿನದಾದುದರಿಂದ ಕಲ್ಲು ಮೂರು ಪಟ್ಟು ವೇಗವಾಗಿ, ಎಂದರೆ ನಿಮಿಷಕ್ಕೆ 4320 ಸುತ್ತು ತಿರುಗುತ್ತದೆ. ವೇಗ ಮಿತಿಗಿಂತ ಮುಕ್ಕಾಲು ಪಾಲಿನಷ್ಟು ಹೆಚ್ಚಿತು. ಆದರೆ ಎಳೆತ ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ ಅದು ಹೆಚ್ಚುಕಡಮೆ ಮೂರು ಪಟ್ಟಾಯಿತು. ತಯಾರಕರು ಇಂಥ ಕಲ್ಲುಗಳನ್ನು ಸಾಮಾನ್ಯವಾಗಿ ಮಿತಿಯ ಒಂದೂವರೆ ಪಟ್ಟು ವೇಗದಲ್ಲಿ ತಿರುಗಿಸಿ ಪರೀಕ್ಷಿಸುತ್ತಾರೆ. ಒಂದೂವರೆಯ ವರ್ಗ ಎರಡೂಕಾಲು. ನಾವು ಆ ಪರೀಕ್ಷೆಯನ್ನೂ ದಾಟಿಹೋದೆವು! ಗುಂಡಿ ಒತ್ತಿದವನು ಕಲ್ಲಿನ ಎದುರಿಗೇ ನಿಂತಿದ್ದರೆ ಮುಂದಿನ ಮಾತನ್ನು ಹೇಳಬೇಕಾದುದಿಲ್ಲ. ಮೋಟಾರಿಗೆ 75 ಮಿಲಿಮೀಟರಿನ ರಾಟೆಯನ್ನು ಹಾಕಿದ್ದರೆ 2160 ಸುತ್ತಾಗುತ್ತಿತ್ತು, ಕೆಲಸವೂ ನಡೆಯುತ್ತಿತ್ತು. ಅಗ್ಗದ ಒಂದು ರಾಟೆಯ ವ್ಯತ್ಯಾಸ, ಅಷ್ಟೆ.

ಕಲ್ಲು ಸವೆದು ಕಿರಿದಾದಂತೆ ಅಂಚಿನ ವೇಗ ತಗ್ಗುತ್ತದೆ, ಕೆಲಸ ನಿಧಾನವಾಗುತ್ತದೆ. ಆಗ ರಾಟೆ ಬದಲಾಯಿಸಿ ವೇಗ ಹೆಚ್ಚಿಸುವ ಆಸೆ ಹುಟ್ಟುವುದುಂಟು. ಅದಕ್ಕೆ ಮಣಿದವನು ಮುಂದೊಂದು ದಿನ ಅದೇ ದಂಡಕ್ಕೆ ಹೊಸ ದೊಡ್ಡ ಕಲ್ಲನ್ನು ಕೂಡಿಸುವಾಗ ರಾಟೆಯ ಸಂಗತಿಯನ್ನು ಮರೆತಿರುತ್ತಾನೆ.

ಮಿತಿಯೊಳಗೆ ತಿರುಗಿಸಿದರೂ ಬಿರುಕಿದ್ದ ಕಲ್ಲು ನಿಲ್ಲದು. ಗುಜರಿಯಲ್ಲಿ ಅದು ಎಷ್ಟು ಸಲ ನೆಲಕ್ಕೆ ಬಿದ್ದಿದೆಯೋ ಬಲ್ಲವರಾರು? ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಡಿದು ನೋಡುವ ಪದ್ಧತಿಯೇ ಇಲ್ಲಿಯೂ ನೆರವಿಗೆ ಬರುತ್ತದೆ. ಕಲ್ಲನ್ನು ದಂಡದಿಂದ ಬಿಚ್ಚಿ, ಧೂಳು ಒರಸಿ, ರಂಧ್ರದಲ್ಲಿ ಕಡ್ಡಿ ತೂರಿಸಿ ತೂಗುಬಿಡಬೇಕು. ನಡುವಣ ಲಂಬರೇಖೆಯಿಂದ 45 ಡಿಗ್ರಿ ಪಕ್ಕಕ್ಕೆ, ಅಂಚಿನಿಂದ ಎರಡು ಬೆರಳು ಒಳಗೆ, ಮರದ ಹಿಡಿಯಿಂದ ಮೆಲ್ಲನೆ ಬಡಿಯಬೇಕು. ಕಲ್ಲನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಸುತ್ತಲೂ ಹೀಗೆಯೇ ಪರೀಕ್ಷಿಸಬೇಕು. ಒಳ್ಳೆಯ ಕಲ್ಲು ಕಣಕಣ ನುಡಿಯುತ್ತದೆ, ಬಿರುಕಿದ್ದುದು ಬೊದ್ದೆನ್ನುತ್ತದೆ. ಒದ್ದೆಯಾದ, ಎಣ್ಣೆ ಕುಡಿದ ಕಲ್ಲು ಗಟ್ಟಿಯಾಗಿದ್ದರೂ ನುಡಿಯದು. ರಾಳದಿಂದ ಬೆಸೆದ ಬಿಲ್ಲೆಗಳ ನಾದವಂತೂ ಸ್ವಭಾವತಃ ಮಂದ. ಅವುಗಳಿಗೆ ಈ ಪರೀಕ್ಷೆ ಸಲ್ಲದು. ರಾಳ ಕಾಲಕ್ರಮೇಣ ದುರ್ಬಲವಾಗುವುದರಿಂದ ಅಂಥ ಕತ್ತರಿಸುವ ಬಿಲ್ಲೆಗಳ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷಗಳನ್ನು ಒತ್ತಿರುತ್ತಾರೆ. ಅವಧಿ ಕಳೆದಿದ್ದರೆ ಎಸೆಯಬೇಕು. ಯಾವ ಕಲ್ಲಿನ ಮೇಲಾದರೂ ವೇಗದ ಮಿತಿ ಅಳಿಸಿಹೋಗಿದ್ದರೆ, ಅದು ಎಷ್ಟೇ ಇಂಪಾಗಿ ನುಡಿದರೂ ನಾವು ಅದನ್ನು ಯಂತ್ರಕ್ಕೆ ಹಾಕೆವು.

ಕಲ್ಲನ್ನು ಸುತ್ತುವರಿಯುವ ಉಕ್ಕಿನ ಕವಚ ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಅದಿಲ್ಲದೆ ಯಂತ್ರವನ್ನು ನಡೆಸಲೇಕೂಡದು. ಕೆಲಸದ ವಸ್ತುವನ್ನು ಊರುವ ಆಸರೆಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚಿನ ಸಂದಿರಬಾರದು. ಹೆಚ್ಚಿದ್ದರೆ ವಸ್ತು ಒಳಸೇರಿ ಸಿಕ್ಕಿಕೊಳ್ಳುತ್ತದೆ, ಅದರೊಡನೆ ಬೆರಳೂ ಸಹ. ಹೊಸದಾಗಿ ಕೂಡಿಸಿದ ಕಲ್ಲನ್ನು ಮೊದಲ ಒಂದು ನಿಮಿಷ ಬರಿದೆ ತಿರುಗಲು ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು.

ಮರ ನಯಗೊಳಿಸುವ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಹಳೆಯ ಪಟ್ಟಿಯ ಅಂಟುಬೆಸುಗೆ ಬಿಟ್ಟುಕೊಳ್ಳುವ ಸಂಭವವಿರುವುದರಿಂದ ಹೊಸ ಪಟ್ಟಿ ಹಾಕಿದರಾಯಿತು. ವಿದ್ಯುತ್ ತಂತಿ ಹಳೆಯದಾಗಿದ್ದರೆ ಭೂಸಂಪರ್ಕವುಳ್ಳ ಮೂರೆಳೆಯ ತಂತಿಯನ್ನು ಬಲ್ಲವರಿಂದ ಹಾಕಿಸಬೇಕು. ಆದರೆ ಅದೇ ಯಂತ್ರದಲ್ಲಿ ಕಬ್ಬಿಣವನ್ನು ಉಜ್ಜುವುದು ಬೇಡ. ಕಿಡಿಗಳು ಚೀಲದಲ್ಲಿ ತುಂಬಿದ ಮರದ ಪುಡಿಗೆ ಬಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಬೆಂಕಿ ಏಳಬಹುದು.

ಪರೀಕ್ಷೆಯಲ್ಲಿ ಸೋತ ಕಲ್ಲನ್ನು ಮರಳಿ ಗುಜರಿಗೆ ಕೊಟ್ಟರೆ ಅದು ಇನ್ನೊಬ್ಬನ ದಂಡವನ್ನು ಸೇರುತ್ತದೆ. ಆದುದರಿಂದ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದುಬಿಡತಕ್ಕದ್ದು. ಅಂಗೈಯಗಲದ ಚೂರೊಂದನ್ನು ಎತ್ತಿಟ್ಟುಕೊಂಡರೆ ಕುಡುಗೋಲು ಮಸೆಯಲು ಬಹುಕಾಲ ಬರುತ್ತದೆ.