ಎಚ್.ಟಿ.-2 ವಿಮಾನದ ಪ್ರತಿಕೃತಿ ನಿರ್ಮಾಣ

ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು ಬೆಂಗಳೂರಿನಲ್ಲಿ ಮೊದಲು ಹಾರಿದ್ದು 1951ರಲ್ಲಿ. ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತು ಹಾರುತ್ತಿದ್ದ ಈ ವಿಮಾನದಲ್ಲಿ ವಾಯುಪಡೆಯ ಅನೇಕರು ಆಕಾಶದ ಅಕ್ಷರಾಭ್ಯಾಸ ಮಾಡಿದರು. ಇಂದು ಅದರ ಹೆಸರನ್ನು ಬಲ್ಲವರು ವಿರಳ. ಆದುದರಿಂದ ಅದರ ಪ್ರತಿಕೃತಿಯನ್ನು ಬಯಸುವವನು ಸಿದ್ಧಭಾಗಗಳನ್ನು ನೆಚ್ಚದೆ ಮರದ ತುಂಡಿನಿಂದಲೇ ತೊಡಗುವುದು ಲೇಸು.

ಮರಕ್ಕಾಗಿ ಪಟ್ಟಣಕ್ಕೆ ಓಡಬೇಕಾಗಿಲ್ಲ. ವಾಮದಪದವಿನ ಆಸುಪಾಸಿನ ತುಳುವರು ಆಟಿ ಅಮಾವಾಸ್ಯೆಯಂದು ಯಾವ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವರೋ ಅದರ ಮೆದುವಾದ ಮರವೇ ಸಾಕು. ಹಿಂದೆ ಶಾಲಾಬಾಲಕರು ಬರೆಯುವ ಹಲಗೆಗೂ ಅದೇ ಒದಗುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೆ ‘ಸ್ಕಾಲರಿಸ್’ ಎಂದು ಹೆಸರಿಟ್ಟರು!

ಎಲ್ಲಕ್ಕೂ ಮಿಗಿಲಾದುದು ಪ್ರಮಾಣ. ಮೂಲವಿಮಾನದ ರೆಕ್ಕೆಗಳ ಹರವು 10.72 ಮೀಟರ್, ಉದ್ದ 7.53 ಮೀಟರ್. ಇವನ್ನು 48ರಲ್ಲಿ ಒಂದು ಪಾಲಿಗೆ ಇಳಿಸಿದರೆ ಕ್ರಮವಾಗಿ 22.3 ಹಾಗೂ 15.7 ಸೆಂಟಿಮೀಟರ್ ಆಗುತ್ತವೆ. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಮೂಲದಲ್ಲಿ 48 ಮಿಲಿಮೀಟರ್ ತಪ್ಪಿದಂತೆ. ರೆಕ್ಕೆಯ ಹಿಂಬದಿಯ ಅಂಚನ್ನು ಅಷ್ಟು ದಪ್ಪವಾಗಿ ಬಿಟ್ಟರೆ ಅದು ರೆಕ್ಕೆಯಲ್ಲ, ಮನೆಯ ಹೊಸ್ತಿಲು! ಮರಳುಕಾಗದದಿಂದ ಉಜ್ಜಿ ಅದನ್ನು ತೆಳುಗೊಳಿಸಬೇಕು. ಒಡಲನ್ನು ಕಣ್ಣಳತೆಗೆ ಬಿಡದೆ, ನಕ್ಷೆಯಲ್ಲಿರುವ ಅಡ್ಡಕೊಯ್ತದ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ, ಹಿಡಿದು ನೋಡುತ್ತ ಕೆತ್ತಬೇಕು. ಬಣ್ಣ ಬಳಿಯಲು ಆತುರಪಡುವವರೇ ಹೆಚ್ಚು. ರೆಕ್ಕೆಗಳು ತುದಿಯತ್ತ ತುಸು ಮೇಲೇರಿವೆಯಾದ್ದರಿಂದ, ಅಂಟು ಒಣಗುವವರೆಗೆ ಎರಡೂ ತುದಿಗಳಡಿ ಸಮನಾದ ಎತ್ತರದ ಮರದ ತುಂಡುಗಳನ್ನಿರಿಸತಕ್ಕದ್ದು.