ಗಾಯ ಮಾಯುವಾಗ ನವೆ ಏಕೆ?

ಯಂತ್ರದ ಅಂಚು ತಗಲಿ ಕೈ ಕೊಯ್ದುಕೊಂಡವರು, ಬಿಸಿ ಎಣ್ಣೆ ಸಿಡಿದು ಸುಟ್ಟುಕೊಂಡವರು ನಮ್ಮಲ್ಲಿ ಅನೇಕರು. ನೋವು ಇಳಿದ ಮೇಲೆ ನವೆ ಏಳುತ್ತದೆ. ನವೆ ಬಂತೆಂದರೆ ಗಾಯ ಮಾಯುತ್ತಿದೆ ಎಂದು ಹಿರಿಯರು ಹೇಳುವುದು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ.

ಕಾರಣವನ್ನು ನೋಡೋಣ. ಪೆಟ್ಟು ಬಿದ್ದಲ್ಲಿ ಚರ್ಮದ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ದುರಸ್ತಿಯ ಸಾಮಗ್ರಿಗೆ ದಾರಿ ಮಾಡುತ್ತದೆ; ಜೊತೆಗೆ ನರತಂತುಗಳನ್ನೂ ಕೆಣಕುತ್ತದೆ. ಆ ನರಗಳು ಮಿದುಳಿಗೆ ಮುಟ್ಟಿಸುವ ಸುದ್ದಿಯೇ ನವೆ. ಹೊಸ ಚರ್ಮ ಒಣಗಿ ಬಿಗಿಯುವುದೂ ಇದಕ್ಕೆ ಕೂಡುತ್ತದೆ. ಆಳವಾಗಿ ಸುಟ್ಟಲ್ಲಿ ಚರ್ಮದ ಜಿಡ್ಡಿನ ಗ್ರಂಥಿಗಳೂ ಹಾಳಾಗುವುದರಿಂದ ನವೆ ತಿಂಗಳುಗಟ್ಟಲೆ ಇರಬಹುದು.

ಕೆರೆದರೆ ಎಳೆಯ ಚರ್ಮ ಹರಿಯುತ್ತದೆ, ಕೊಳೆ ಒಳಹೋಗುತ್ತದೆ, ಮತ್ತೆ ನಾಲ್ಕು ದಿನದ ಕೂಲಿಯೂ ಹೋಗುತ್ತದೆ. ಆದ್ದರಿಂದ ಉಗುರು ಕತ್ತರಿಸಿಕೊಳ್ಳಿರಿ, ಹಕ್ಕಳೆ ಕೀಳಬೇಡಿರಿ, ಶುಚಿಯಾದ ತಣ್ಣೀರ ಬಟ್ಟೆಯನ್ನು ಮೆಲ್ಲಗೆ ಒತ್ತಿರಿ, ಗಾಯ ಪೂರಾ ಮುಚ್ಚಿದ ಮೇಲೆ ವ್ಯಾಸಲೀನು ಸವರಿರಿ.

ಕೆಂಪು ಹರಡಿದರೆ, ಕೀವು ಕಟ್ಟಿದರೆ, ಜ್ವರ ಬಂದರೆ ಅದು ಮಾಯುವ ಲಕ್ಷಣವಲ್ಲ, ಸೋಂಕು. ನಮ್ಮ ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ 1955ರಲ್ಲಿ ಪೆನಿಸಿಲಿನ್ ತಯಾರಿಸತೊಡಗಿದ್ದು ಇಂಥ ಸೋಂಕುಗಳನ್ನು ಗೆಲ್ಲಲೆಂದೇ. ಆದರೆ ಯಾವ ಗಾಯಕ್ಕೆ ಯಾವ ಔಷಧವೆಂಬುದನ್ನು ಅಂಗಡಿಯವನಲ್ಲ, ವೈದ್ಯರು ಹೇಳಬೇಕು. ಇ.ಎಸ್.ಐ. ಕಾರ್ಡು ಪೆಟ್ಟಿಗೆಯಲ್ಲಿಡಲು ಕೊಟ್ಟದ್ದಲ್ಲ. ಅಂದೇ ಹೋಗಿ ತೋರಿಸಿರಿ.